ನಿಕಲ್ ಫೋಮ್ ಸೆಟ್: ರೊಕ್ಕ ಎಲ್ಲಿ ಹಾಕಬೇಕು, ಎಲ್ಲಿ ಬೇಡ

ನೀರಿನ ವಿದ್ಯುದ್ವಿಭಜನೆಯ ಮೇಲೆ ಪ್ರಾಜೆಕ್ಟು ಮಾಡುವ ಎಂ.ಎಸ್ಸಿ. ಮತ್ತು ಬಿ.ಇ. ವಿದ್ಯಾರ್ಥಿಗಳಿಗೆಂದು ಆನ್‌ಲೈನಿನಲ್ಲಿ ಸಿದ್ಧ ಸೆಟ್ಟುಗಳು ಸಿಗುತ್ತವೆ. ಬೇರೆ ಬೇರೆ ಹೆಸರಿನಲ್ಲಿ ಮಾರಿದರೂ ಡಬ್ಬಿಯೊಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ: ಒಂದು ನಿಕಲ್ ಫೋಮ್ ಹಾಳೆ, ನಾಲ್ಕೈದು ಬಾಯಿಯ ಗಾಜಿನ ಸೆಲ್ಲು, ಒಂದು ಸಿಲ್ವರ್-ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್ (ವೋಲ್ಟೇಜ್ ಅಳೆಯಲು ಹೋಲಿಕೆಯ ಸ್ಥಿರ ಬಿಂದು), ಒಂದು ಪ್ಲಾಟಿನಂ ತಂತಿ, ಹಿಡಿಯಲು ಕ್ಲಿಪ್ಪು. ಧಾರವಾಡದ ಪಾವಟೆ ನಗರದಿಂದ ಹುಬ್ಬಳ್ಳಿಯ ವಿದ್ಯಾನಗರದವರೆಗೆ ಈ ಕೆಲಸ ಹಿಡಿದವರಿಗೆ ಇಂಥ ಸೆಟ್ಟು ಎಷ್ಟರಮಟ್ಟಿಗೆ ಸಾಕು, ಇದರ ಮೇಲೆ ಇನ್ನೇನು ಕೊಳ್ಳಬೇಕು ಎಂಬುದೇ ಈ ವಿಮರ್ಶೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಫೋಮ್ ಚಲೋ ಇದೆ, ಕೊಟ್ಟ ರೊಕ್ಕಕ್ಕೆ ಮೋಸವಿಲ್ಲ. ಗಾಜಿನ ಸೆಲ್ಲು ಅರ್ಧ ಕೆಲಸಕ್ಕೆ ಮಾತ್ರ ಸರಿ. ಜೊತೆಗೆ ಬರುವ ರೆಫರೆನ್ಸ್ ಎಲೆಕ್ಟ್ರೋಡ್ ಕ್ಷಾರದಲ್ಲಿ ಅಳೆಯಲು ತಕ್ಕುದಲ್ಲ. ಫಲಿತಾಂಶವನ್ನು ನಿರ್ಧರಿಸುವ ಎರಡು ವಸ್ತುಗಳು, ಅಂದರೆ ಕಬ್ಬಿಣವಿಲ್ಲದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಮತ್ತು ಮರ್ಕ್ಯುರಿ-ಮರ್ಕ್ಯುರಿಕ್ ಆಕ್ಸೈಡ್ ರೆಫರೆನ್ಸ್, ಸೆಟ್ಟಿನಲ್ಲಿ ಇಲ್ಲವೇ ಇಲ್ಲ. ಫೋಮಿನ ಮೇಲೆ ಲೇಪಿಸುವ ವೇಗವರ್ಧಕ, ಅಂದರೆ ನೀರು ಒಡೆಯುವ ಕ್ರಿಯೆಯನ್ನು ಚುರುಕುಗೊಳಿಸುವ ಹೊಸ ಆಕ್ಸೈಡ್ ತಯಾರಿಸಲು ತಿಂಗಳುಗಟ್ಟಲೆ ದುಡಿದು ಅಳತೆಯ ಸಾಮಾನಿನಲ್ಲಿ ಉಳಿತಾಯ ಮಾಡಿದರೆ, ಕೊನೆಗೆ ಕೈಗೆ ಬಂದ ವೋಲ್ಟೇಜಿನ ಸಂಖ್ಯೆ ಆಕ್ಸೈಡಿನದೋ ದ್ರಾವಣದ ಕೊಳೆಯದೋ ಎಂದು ಹೇಳಲು ಬರುವುದಿಲ್ಲ.

ಆ ಸಂಖ್ಯೆಗೆ ಯಾಕಿಷ್ಟು ಬೆಲೆ ಎಂದರೆ, ನೀರನ್ನು ಒಡೆಯಲು 25 ಡಿಗ್ರಿಯಲ್ಲಿ ಕನಿಷ್ಠ 1.23 ವೋಲ್ಟ್ ಬೇಕು. ಹೊರಗಿನಿಂದ ಶಾಖ ಕೊಡದೆ ನಡೆಸಬೇಕೆಂದರೆ 1.48 ವೋಲ್ಟ್. ಕೈಗಾರಿಕೆಯ ಕ್ಷಾರೀಯ ಸೆಲ್ಲುಗಳು 1.8ರಿಂದ 2 ವೋಲ್ಟಿನ ಆಸುಪಾಸು ಓಡುತ್ತವೆ. ಒಂದು ಕಿಲೋ ಹೈಡ್ರೋಜನ್ನಿಗೆ ಸುಮಾರು 26,600 ಆಂಪಿಯರ್-ತಾಸು ವಿದ್ಯುತ್ತು ಹರಿಯಲೇಬೇಕು. ಅದರಲ್ಲಿ ರಿಯಾಯಿತಿ ಇಲ್ಲ. ಹಾಗಾಗಿ ವೋಲ್ಟೇಜಿನಲ್ಲಿ 100 ಮಿಲಿವೋಲ್ಟ್ ಉಳಿಸಿದರೆ ಕಿಲೋಗೆ 2.66 ಯೂನಿಟ್ ಕರೆಂಟು ಉಳಿಯಿತು. 1.8 ವೋಲ್ಟಿನಲ್ಲಿ ಕಿಲೋಗೆ ಸುಮಾರು 48 ಯೂನಿಟ್ ತಗಲುತ್ತದೆ. ನಷ್ಟದ ದೊಡ್ಡ ಪಾಲು ಆಕ್ಸಿಜನ್ ಹುಟ್ಟುವ ಕಡೆಯದು, ಯಾಕೆಂದರೆ ಅಲ್ಲಿ ಒಂದು ಅಣುವಿಗೆ ನಾಲ್ಕು ಎಲೆಕ್ಟ್ರಾನುಗಳು ದಾಟಬೇಕು. ಹೈಡ್ರೋಜನ್ ಕಡೆ ಎರಡೇ ಸಾಕು. ನಿಕಲ್, ಕಬ್ಬಿಣ, ಕೋಬಾಲ್ಟ್ ಆಕ್ಸೈಡುಗಳ ಮೇಲೆ ಇಷ್ಟೊಂದು ಜನ ಕೂತಿರುವುದು ಆ ನಾಲ್ಕು ಎಲೆಕ್ಟ್ರಾನುಗಳ ದಾರಿಯನ್ನು ಸಲೀಸು ಮಾಡಲು. ಆಮ್ಲದಲ್ಲಿ ಈ ಆಕ್ಸೈಡುಗಳು ಕರಗಿಹೋಗುತ್ತವೆ. ಅಲ್ಲಿ ತುಟ್ಟಿಯ ಇರಿಡಿಯಂ ಆಕ್ಸೈಡಿಗೆ ಬದಲಿ ಸಿಗುವುದು ಕಷ್ಟ. ಆದ್ದರಿಂದ ಈ ಸೆಟ್ಟನ್ನು ಕ್ಷಾರದ ಕೆಲಸಕ್ಕೇ ಇಟ್ಟುಕೊಳ್ಳಬೇಕು.

ಇನ್ನು ಫೋಮಿನ ಮಾತು. ಪಾಲಿಯುರೆಥೇನ್ ಸ್ಪಂಜಿನ ಮೇಲೆ ನಿಕಲ್ ಲೇಪಿಸಿ, ಸ್ಪಂಜನ್ನು ಸುಟ್ಟು ತೆಗೆದು, ಉಳಿದ ಲೋಹದ ಜಾಲವನ್ನು ಹೈಡ್ರೋಜನ್ ವಾತಾವರಣದಲ್ಲಿ ಕಾಯಿಸಿ ಗಟ್ಟಿ ಮಾಡಿದ ಹಾಳೆ ಇದು. ಚೀಟಿಯ ಮೇಲೆ 110 ಪಿಪಿಐ ಎಂದಿದ್ದರೆ ಒಂದು ಇಂಚಿನ ಉದ್ದಕ್ಕೆ 110 ರಂಧ್ರ ಎಂದರ್ಥ. ದಪ್ಪ 1.6 ಮಿ.ಮೀ., ಚದರ ಮೀಟರಿಗೆ 350 ಗ್ರಾಂ ತೂಕ ಎಂದು ಬರೆದಿದ್ದರೆ ಲೆಕ್ಕ ಸುಲಭ: 10 ಸೆಂ.ಮೀ. ಉದ್ದಗಲದ ತುಂಡು 3.5 ಗ್ರಾಂ ತೂಗಬೇಕು, ಅದರ ಗಾತ್ರದ ಶೇ. 97ಕ್ಕೂ ಹೆಚ್ಚು ಭಾಗ ಬರೀ ಗಾಳಿ. ಹಾಳೆ ಕೈಗೆ ಬಂದ ದಿನವೇ ನಾಲ್ಕು ಮೂಲೆಯಿಂದ ಒಂದೊಂದು ಚದರ ಸೆಂ.ಮೀ. ಕತ್ತರಿಸಿ ತೂಗಿ ನೋಡಿ. ಒಂದೊಂದೂ 35 ಮಿಲಿಗ್ರಾಂ ಹತ್ತಿರ ಇರಬೇಕು. ಮೂಲೆಯಿಂದ ಮೂಲೆಗೆ ಐದಾರು ಮಿಲಿಗ್ರಾಂ ಏರುಪೇರಾದರೆ ಮುಂದೆ ಲೇಪನದ ತೂಕ ತೆಗೆಯುವಾಗ ಪ್ರತಿ ತುಂಡನ್ನೂ ಬೇರೆಯಾಗಿ ತೂಗಲೇಬೇಕು, ಸರಾಸರಿ ನಂಬುವಂತಿಲ್ಲ.

ಮ್ಯಾಗ್ನೆಟ್ ಹಚ್ಚಿ ಪರೀಕ್ಷೆ ಮಾಡುವವರಿದ್ದಾರೆ. ಅದರಿಂದ ಏನೂ ತಿಳಿಯುವುದಿಲ್ಲ, ಯಾಕೆಂದರೆ ಶುದ್ಧ ನಿಕಲ್ ಕೂಡ ಮ್ಯಾಗ್ನೆಟ್ಟಿಗೆ ಅಂಟುತ್ತದೆ. ಕಬ್ಬಿಣ ಬೆರೆತಿದೆಯೋ ಇಲ್ಲವೋ ನೋಡಲು ಒಂದು ಚೂರು ಫೋಮನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ಮೇಲೆ ಪೊಟ್ಯಾಸಿಯಂ ಥಯೋಸಯನೇಟ್ ಬಿಡಿ. ದ್ರಾವಣ ಹಸಿರಾಗಿಯೇ ಉಳಿದರೆ ನಿಕಲ್. ರಕ್ತದ ಕೆಂಪಿಗೆ ತಿರುಗಿದರೆ ಕಬ್ಬಿಣ ಇದೆ. ಈ ಮೂರೂ ರಾಸಾಯನಿಕಗಳು ಯಾವ ಕಾಲೇಜಿನ ಲ್ಯಾಬಿನಲ್ಲಿಯೂ ಇರುತ್ತವೆ. ಪೆರಾಕ್ಸೈಡ್ ಒಂದೇ ಹನಿ ಸಾಕು, ಹೆಚ್ಚಾದರೆ ಥಯೋಸಯನೇಟನ್ನೇ ಕೆಡಿಸಿ ಬಣ್ಣ ಮಾಯ ಮಾಡುತ್ತದೆ. ಬೇರೆ ಹಾಳೆಯ ತುಂಡನ್ನೂ ಬರೀ ಆಮ್ಲವನ್ನೂ ಇದೇ ರೀತಿ ಪಕ್ಕದಲ್ಲಿಟ್ಟು ಹೋಲಿಸಿ, ಏಕೆಂದರೆ ಸೋವಿ ಆಮ್ಲದಲ್ಲಿಯೇ ಕಬ್ಬಿಣ ಇರಬಹುದು.

ಕತ್ತರಿಯಿಂದ ಒತ್ತಿ ಕತ್ತರಿಸಿದರೆ ಅಂಚು ಚಪ್ಪಟೆಯಾಗಿ ರಂಧ್ರ ಮುಚ್ಚಿಕೊಳ್ಳುತ್ತದೆ. ಹೊಸ ಬ್ಲೇಡು, ಕೆಳಗೆ ದಪ್ಪ ರಟ್ಟು, ಸ್ಟೀಲ್ ಪಟ್ಟಿ ಇಟ್ಟು ಎರಡು ಮೂರು ಸಲ ಹಗುರಾಗಿ ಎಳೆಯುವುದು ಮೇಲು. ತೊಳೆಯುವ ಕ್ರಮ: ಅಸಿಟೋನಿನಲ್ಲಿ 10-15 ನಿಮಿಷ ಸೋನಿಕೇಟರ್ (ಶಬ್ದದ ಅಲೆಯಿಂದ ತೊಳೆಯುವ ಯಂತ್ರ), ನಂತರ 3 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 10-15 ನಿಮಿಷ, ಆಮೇಲೆ ನೀರು ಮೂರು ಸಲ, ಕೊನೆಗೆ ಎಥನಾಲ್, 60 ಡಿಗ್ರಿಯಲ್ಲಿ ಒಣಗಿಸುವುದು. ಅಂಗಡಿಯ ತೀವ್ರ ಆಮ್ಲ ಸುಮಾರು 12 ಮೋಲಾರ್, ಆದ್ದರಿಂದ 75 ಮಿ.ಲೀ. ನೀರಿಗೆ 25 ಮಿ.ಲೀ. ಆಮ್ಲ, ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ. ಆಮ್ಲ ಹಸಿರಾಗುತ್ತ ಬಂದರೆ ಮೇಲಿನ ಆಕ್ಸೈಡಿನ ಜೊತೆಗೆ ಲೋಹವೂ ಕರಗುತ್ತಿದೆ ಎಂದು ತಿಳಿಯಿರಿ. ಅರ್ಧ ತಾಸು ಬಿಟ್ಟರೆ ಎಳೆ ತೆಳುವಾಗಿ, ಕ್ಲಿಪ್ಪಿಗೆ ಸಿಕ್ಕಿಸುವಾಗ ಮುರಿಯುತ್ತದೆ. ತೊಳೆದ ಫೋಮನ್ನು ಅದೇ ದಿನ ಬಳಸಿಬಿಡಿ. ಗಾಳಿಯಲ್ಲಿ ಇಟ್ಟರೆ ಮತ್ತೆ ಆಕ್ಸೈಡ್ ಪೊರೆ ಕೂರುತ್ತದೆ.

ಫೋಮಿನ ಮೇಲೆ ನಿಕಲ್-ಕಬ್ಬಿಣದ ಪದರ ಹೈಡ್ರಾಕ್ಸೈಡ್ ಬೆಳೆಸುವುದು ಈ ಸಾಮಾನಿಗೆ ಅತ್ಯಂತ ಒಗ್ಗುವ ಕೆಲಸ. 50 ಮಿ.ಲೀ. ಟೆಫ್ಲಾನ್ ಒಳಪದರದ ಆಟೋಕ್ಲೇವಿಗೆ (ಒತ್ತಡದಲ್ಲಿ ಕಾಯಿಸುವ ಮುಚ್ಚಿದ ಪಾತ್ರೆ) ಒಂದು ನಂಬಬಹುದಾದ ಅಳತೆ: ನಿಕಲ್ ನೈಟ್ರೇಟ್ ಹೆಕ್ಸಾಹೈಡ್ರೇಟ್ 0.218 ಗ್ರಾಂ, ಫೆರಿಕ್ ನೈಟ್ರೇಟ್ ನೋನಾಹೈಡ್ರೇಟ್ 0.101 ಗ್ರಾಂ, ಯೂರಿಯಾ 0.300 ಗ್ರಾಂ, 35 ಮಿ.ಲೀ. ಡಿಐ (ಅಯಾನು ತೆಗೆದ) ನೀರು. ಇದು ಮೋಲ್ ಲೆಕ್ಕದಲ್ಲಿ ಮೂರು ಪಾಲು ನಿಕಲ್ಲಿಗೆ ಒಂದು ಪಾಲು ಕಬ್ಬಿಣ. 120 ಡಿಗ್ರಿಯಲ್ಲಿ 12 ತಾಸು. ಪಾತ್ರೆಯನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು. ಫೋಮನ್ನು ತಳದಲ್ಲಿ ಮಲಗಿಸದೆ ಗೋಡೆಗೆ ಒರಗಿಸಿ ನಿಲ್ಲಿಸಬೇಕು. ಮಲಗಿಸಿದರೆ ದ್ರಾವಣದಲ್ಲಿ ಹುಟ್ಟಿದ ಪುಡಿ ಮೇಲೆ ಕೂತು, ಮೊದಲ ಗುಳ್ಳೆಗಳ ಜೊತೆಗೇ ಉದುರಿಹೋಗುತ್ತದೆ. ಓವನ್ ಆರಿದ ಮೇಲೆ ತಾನಾಗಿ ತಣಿಯುವವರೆಗೆ ಮುಚ್ಚಳಕ್ಕೆ ಕೈ ಹಚ್ಚಬೇಡಿ, ನಲ್ಲಿ ನೀರಿನ ಕೆಳಗೆ ಹಿಡಿದು ತಣಿಸುವುದಂತೂ ಬೇಡವೇ ಬೇಡ. ಹಳದಿ-ಕಂದು ಲೇಪನ ಬಂದ ತುಂಡನ್ನು ಒಂದು ನಿಮಿಷ ಸೋನಿಕೇಟರಿನಲ್ಲಿ ಇಟ್ಟು ಸಡಿಲ ಪುಡಿ ಕಳೆದು ಒಣಗಿಸಿ ತೂಗಿ.

ಇಲ್ಲಿ ಒಂದು ಮಾತು ಪ್ರಾಜೆಕ್ಟ್ ವರದಿಗಳಲ್ಲಿ ಬಹಳ ಸಲ ತಪ್ಪುತ್ತದೆ. ದ್ರಾವಣದಲ್ಲಿ ಮೂರಕ್ಕೆ ಒಂದು ಹಾಕಿದೆವು ಎಂದು ಲೇಪನದಲ್ಲಿಯೂ ಅದೇ ಪ್ರಮಾಣ ಇದೆ ಎಂದು ಬರೆಯಲು ಬರುವುದಿಲ್ಲ. ಫೆರಿಕ್ ಅಯಾನು ನಿಕಲ್ ಲೋಹವನ್ನು ತಿನ್ನುತ್ತದೆ. ಫೋಮಿನದೇ ನಿಕಲ್ ಕರಗಿ ಲೇಪನಕ್ಕೆ ಸೇರುತ್ತದೆ. ತೂಕದ ವ್ಯತ್ಯಾಸವೂ ಅದೇ ಕಾರಣಕ್ಕೆ ನಿಜವಾದ ಲೇಪನಕ್ಕಿಂತ ಕಡಿಮೆ ತೋರಿಸುತ್ತದೆ. ಪ್ರಮಾಣ ಬೇಕೆಂದರೆ ಲೇಪನವನ್ನು ವಿಶ್ಲೇಷಣೆಗೆ ಕಳಿಸಬೇಕು.

ಆಟೋಕ್ಲೇವ್ ಇಲ್ಲದವರು, ಅಥವಾ 12 ತಾಸು ಕರೆಂಟು ನಂಬಲಾಗದವರು, ವಿದ್ಯುತ್ ಲೇಪನ ಮಾಡಬಹುದು. ನಿಕಲ್ ನೈಟ್ರೇಟ್ ಮತ್ತು ಫೆರಿಕ್ ನೈಟ್ರೇಟ್ ಎರಡೂ 3 ಮಿಲಿಮೋಲಾರ್ ಇರುವ ದ್ರಾವಣದಲ್ಲಿ ಫೋಮನ್ನು ಸಿಲ್ವರ್-ಸಿಲ್ವರ್ ಕ್ಲೋರೈಡಿಗೆ ಎದುರಾಗಿ ಮೈನಸ್ 1.0 ವೋಲ್ಟಿನಲ್ಲಿ 300 ಸೆಕೆಂಡು ಹಿಡಿದರೆ ಸಾಕು. ನೈಟ್ರೇಟ್ ಅಪಕರ್ಷಣಗೊಳ್ಳುವಾಗ ಫೋಮಿನ ಮೈಮೇಲೆ ಹೈಡ್ರಾಕ್ಸೈಡ್ ಅಯಾನು ಹುಟ್ಟಿ, ಲೋಹಗಳು ಅಲ್ಲಿಯೇ ಗಟ್ಟಿಯಾಗಿ ಕೂರುತ್ತವೆ. ಐದು ನಿಮಿಷದ ಕೆಲಸ, ಫಲಿತಾಂಶ ಆಟೋಕ್ಲೇವಿನದಕ್ಕೆ ಸರಿಸಮ. ಸೆಟ್ಟಿನ ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್ ನಿಜವಾಗಿ ಉಪಯೋಗಕ್ಕೆ ಬರುವುದು ಈ ಹಂತದಲ್ಲಿ. ದ್ರಾವಣವನ್ನು ಮಾತ್ರ ಅವತ್ತೇ ಕಲಸಿ ಅವತ್ತೇ ಬಳಸಬೇಕು. ಇಟ್ಟರೆ ಕಬ್ಬಿಣ ತುಕ್ಕಿನ ಬಣ್ಣದ ಗಸಿಯಾಗಿ ತಳಕ್ಕಿಳಿಯುತ್ತದೆ.

ಪ್ರಾಜೆಕ್ಟಿನ ಹೆಸರಿನಲ್ಲಿ 'ಆಕ್ಸೈಡ್' ಇದೆ ಎಂಬ ಒಂದೇ ಕಾರಣಕ್ಕೆ ಈ ಹೈಡ್ರಾಕ್ಸೈಡನ್ನು ಮಫಲ್ ಫರ್ನೇಸಿಗೆ ಹಾಕಿ ಸುಡುವ ರೂಢಿ ಇದೆ. 300-350 ಡಿಗ್ರಿಯಲ್ಲಿ ಎರಡು ತಾಸು, ನಿಮಿಷಕ್ಕೆ 2 ಡಿಗ್ರಿಯಂತೆ ಏರಿಸಿದರೆ ಆಕ್ಸೈಡ್ ಆಗುತ್ತದೆ, ನಿಜ. ಆದರೆ ಫೋಮಿನ ಲೋಹವೂ ಮೇಲ್ಮೈಯಲ್ಲಿ ಸುಟ್ಟು ಕಪ್ಪಾಗಿ ಪೆಡಸಾಗುತ್ತದೆ. ಸ್ಫಟಿಕ ಬಲಿತ ನಿಕಲ್ ಫೆರೈಟ್ ಸ್ಪಿನೆಲ್ ಸಾಮಾನ್ಯವಾಗಿ ಮೂಲ ಹೈಡ್ರಾಕ್ಸೈಡಿಗಿಂತ ಮಂದ. ಎರಡೂ ಕ್ಷಾರದಲ್ಲಿ ಓಡುವಾಗ ಮೈಮೇಲೆ ಆಕ್ಸಿಹೈಡ್ರಾಕ್ಸೈಡ್ ಆಗಿಯೇ ಕೆಲಸ ಮಾಡುತ್ತವೆ. ಸುಟ್ಟದ್ದು ಮತ್ತು ಸುಡದ್ದು ಎರಡನ್ನೂ ಅಳೆದು ಪಕ್ಕದಲ್ಲಿಟ್ಟರೆ ಅದೇ ಒಂದು ಒಳ್ಳೆಯ ಅಧ್ಯಾಯವಾಗುತ್ತದೆ.

ಈಗ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಈ ಇಡೀ ವಿಮರ್ಶೆಯಲ್ಲಿ ಒಂದೇ ಪ್ಯಾರಾ ಓದುವ ವೇಳೆ ಇದ್ದರೆ ಇದನ್ನು ಓದಿ. ಹುಬ್ಬಳ್ಳಿಯ ಲ್ಯಾಬ್ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಎಆರ್ (ವಿಶ್ಲೇಷಣೆಗೆ ತಕ್ಕ) ದರ್ಜೆಯ ಗುಳಿಗೆಗಳಲ್ಲಿ ನಿಜವಾದ ಹೈಡ್ರಾಕ್ಸೈಡ್ ಸಾಮಾನ್ಯವಾಗಿ ಶೇ. 85ರಷ್ಟು, ಉಳಿದದ್ದು ಬಹುಪಾಲು ನೀರು, ಸ್ವಲ್ಪ ಕಾರ್ಬೊನೇಟ್. ಲೀಟರಿಗೆ 56 ಗ್ರಾಂ ಹಾಕಿ 1 ಮೋಲಾರ್ ಎಂದು ಚೀಟಿ ಅಂಟಿಸಿದರೆ ಅದು 0.85 ಮೋಲಾರ್. 66 ಗ್ರಾಂ ಹಾಕಬೇಕು, ಆಮೇಲೆ ಪ್ರಮಾಣಿತ ಆಮ್ಲದ ವಿರುದ್ಧ ಟೈಟ್ರೇಟ್ ಮಾಡಿ ಖಚಿತಪಡಿಸಿಕೊಳ್ಳಬೇಕು. ಧಾರವಾಡದ ಮಳೆಗಾಲದಲ್ಲಿ ಬಾಟಲಿ ತೆರೆದಿಟ್ಟರೆ ಗುಳಿಗೆಗಳು ಕೆಲವೇ ನಿಮಿಷಗಳಲ್ಲಿ ಬೆವರಿ ಒಂದಕ್ಕೊಂದು ಅಂಟುತ್ತವೆ; ಅರ್ಧ ಬಳಸಿದ ಹಳೆಯ ಬಾಟಲಿಗಿಂತ ಹೊಸ ಚಿಕ್ಕ ಬಾಟಲಿ ಉತ್ತಮ.

ಸಾಂದ್ರತೆಗಿಂತ ದೊಡ್ಡ ತೊಡಕು ಕಬ್ಬಿಣ. ನಿಕಲ್ ಆಕ್ಸೈಡಿನ ಮೇಲೆ ಆಕ್ಸಿಜನ್ ಹುಟ್ಟುವ ವೇಗವನ್ನು ದ್ರಾವಣದ ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ಮಟ್ಟದ ಕಬ್ಬಿಣವೂ ಹೆಚ್ಚಿಸುತ್ತದೆ ಎಂದು ಸಂಶೋಧಕ ಕಾರಿಗನ್ 1987ರಲ್ಲಿಯೇ ತೋರಿಸಿದ್ದರು. ಆರಿಗನ್ ವಿಶ್ವವಿದ್ಯಾಲಯದ ಬೆಟ್ಚರ್ ಅವರ ಸಂಶೋಧನಾ ಗುಂಪು 2014ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿ, ಕಬ್ಬಿಣವನ್ನು ಪೂರ್ತಿ ತೆಗೆದ ಕ್ಷಾರದಲ್ಲಿ ನಿಕಲ್ ಆಕ್ಸಿಹೈಡ್ರಾಕ್ಸೈಡ್ ಬಹಳ ಸಾಧಾರಣ ವೇಗವರ್ಧಕ ಎಂದು ಸಾಬೀತು ಮಾಡಿತು. ಅಂದರೆ ನೀವು ನಿಕಲ್ ಆಕ್ಸೈಡಿಗೆ ಸತು ಬೆರೆಸಿ, ತಾಮ್ರ ಬೆರೆಸಿ 'ಸುಧಾರಣೆ' ಕಂಡಾಗ, ಆ ಸುಧಾರಣೆ ಬಾಟಲಿಯ ಕಬ್ಬಿಣದಿಂದ ಬಂದಿರುವ ಸಾಧ್ಯತೆ ಸಾಕಷ್ಟಿದೆ. ಮೇಲ್ಮೈ ಹೆಚ್ಚಾದಷ್ಟೂ ಅದು ಹೆಚ್ಚು ಕಬ್ಬಿಣ ಹೀರುತ್ತದೆ, ದಿನ ಕಳೆದಂತೆ ಇನ್ನೂ ಚುರುಕಾಗುತ್ತದೆ. ಲೇಪನದಲ್ಲಿಯೇ ಕಬ್ಬಿಣ ಇದ್ದರೆ ತಲೆಬಿಸಿ ಕಡಿಮೆ. ಕಬ್ಬಿಣವಿಲ್ಲದ ನಿಕಲ್ ಅಥವಾ ಕೋಬಾಲ್ಟ್ ಆಕ್ಸೈಡುಗಳನ್ನು ಹೋಲಿಸುವುದಾದರೆ ಕ್ಷಾರವನ್ನು ಶುದ್ಧ ಮಾಡದೆ ಅಳೆದ ಸಂಖ್ಯೆಗೆ ಬೆಲೆ ಇಲ್ಲ.

ಶುದ್ಧ ಮಾಡುವುದು ಕಷ್ಟವಲ್ಲ, ತಾಳ್ಮೆ ಬೇಕು ಅಷ್ಟೇ. ಅತಿ ಶುದ್ಧ, 99.999 ಶೇಕಡಾ ದರ್ಜೆಯ ನಿಕಲ್ ನೈಟ್ರೇಟ್ 2 ಗ್ರಾಂ ತೆಗೆದುಕೊಂಡು 4 ಮಿ.ಲೀ. ಶುದ್ಧ ನೀರಿನಲ್ಲಿ ಕರಗಿಸಿ, 20 ಮಿ.ಲೀ. 1 ಮೋಲಾರ್ ಕ್ಷಾರ ಹಾಕಿದರೆ ಹಸಿರು ನಿಕಲ್ ಹೈಡ್ರಾಕ್ಸೈಡ್ ಗಟ್ಟಿಯಾಗಿ ಬೀಳುತ್ತದೆ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ನೀರು ಚೆಲ್ಲಿ, ಪ್ರತಿ ಸಲ 20 ಮಿ.ಲೀ. ನೀರು ಮತ್ತು 2 ಮಿ.ಲೀ. ಕ್ಷಾರ ಹಾಕಿ ಮೂರು ಸಲ ತೊಳೆಯಿರಿ. ಆಮೇಲೆ ಶುದ್ಧ ಮಾಡಬೇಕಾದ 50 ಮಿ.ಲೀ. ಕ್ಷಾರವನ್ನು ಅದರ ಮೇಲೆ ಸುರಿದು 10 ನಿಮಿಷ ಚೆನ್ನಾಗಿ ಅಲುಗಿಸಿ, ಕನಿಷ್ಠ 3 ತಾಸು ಹಾಗೇ ಬಿಡಿ. ಹೈಡ್ರಾಕ್ಸೈಡ್ ಕಬ್ಬಿಣವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಮತ್ತೆ ಸೆಂಟ್ರಿಫ್ಯೂಜ್ ಮಾಡಿ ತಿಳಿಯನ್ನು ಪಾಲಿಪ್ರೊಪಿಲೀನ್ ಬಾಟಲಿಗೆ ಬಗ್ಗಿಸಿ. ಗಾಜಿನ ಬಾಟಲಿಗೆ ಬಗ್ಗಿಸಿದರೆ ಇಷ್ಟೊತ್ತಿನ ಶ್ರಮ ನೀರುಪಾಲು: ಕ್ಷಾರ ಗಾಜನ್ನೇ ತಿಂದು ಸಿಲಿಕಾ ಮತ್ತು ಕಬ್ಬಿಣ ಎರಡನ್ನೂ ಎಳೆದುಕೊಳ್ಳುತ್ತದೆ. ಗಾಜಿನ ಸೆಲ್ಲು ಅರ್ಧ ಕೆಲಸಕ್ಕೆ ಮಾತ್ರ ಎಂದದ್ದು ಇದಕ್ಕೇ. ವಿದ್ಯುತ್ ಲೇಪನಕ್ಕೆ ಗಾಜು ಸರಿ. ಕ್ಷಾರದಲ್ಲಿ ಅಳೆಯಲು ಟೆಫ್ಲಾನ್ ಅಥವಾ ಪಾಲಿಪ್ರೊಪಿಲೀನ್ ಪಾತ್ರೆ ಬೇಕು. ಅಗಲ ಬಾಯಿಯ 100 ಮಿ.ಲೀ. ಪಾಲಿಪ್ರೊಪಿಲೀನ್ ಡಬ್ಬಿಯ ಮುಚ್ಚಳಕ್ಕೆ ಮೂರು ತೂತು ಕೊರೆದರೆ ತುಟ್ಟಿಯ ಟೆಫ್ಲಾನ್ ಸೆಲ್ಲಿನಷ್ಟೇ ಚಲೋ ಕೆಲಸ ಮಾಡುತ್ತದೆ.

ನೀರು ವಿಭಾಗದ ಶುದ್ಧೀಕರಣ ಯಂತ್ರದ್ದೇ ಆಗಬೇಕು. ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರಿನ ಗುಣ ಕ್ಯಾನಿಂದ ಕ್ಯಾನಿಗೆ ಬದಲು. ಬೋರ್‌ವೆಲ್ ನೀರು ತಾಗಿದ ಪಾತ್ರೆಯಲ್ಲಿ ಕ್ಷಾರ ಹಾಕಿದೊಡನೆ ಬಿಳಿ ಮಸುಕು ಕಂಡರೆ ಅದು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ. ಚೆಲ್ಲಿ ಹೊಸದಾಗಿ ಶುರು ಮಾಡಿ.

ರೆಫರೆನ್ಸ್ ಎಲೆಕ್ಟ್ರೋಡಿನ ವಿಷಯದಲ್ಲಿ ನಮ್ಮ ತಕರಾರು ನೇರ. ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡಿನ ತುದಿಯ ಸರಂಧ್ರ ಬಿರಡೆಯ ಮೂಲಕ ಹೈಡ್ರಾಕ್ಸೈಡ್ ನಿಧಾನವಾಗಿ ಒಳಗೆ ಹೋಗುತ್ತದೆ, ಸಿಲ್ವರ್ ಆಕ್ಸೈಡ್ ಆಗುತ್ತದೆ, ಓದು ಸರಿಯುತ್ತ ಹೋಗುತ್ತದೆ. ಒಂದು ಅಳತೆಯ ನಡುವೆಯೇ ಅದು ಸರಿದರೂ ಗ್ರಾಫಿನಲ್ಲಿ ಗೊತ್ತಾಗುವುದಿಲ್ಲ. ವೇಗವರ್ಧಕ ಉತ್ತಮವಾಯಿತು ಅಥವಾ ಕೆಟ್ಟಿತು ಎಂದೇ ಕಾಣುತ್ತದೆ. ಕ್ಷಾರಕ್ಕೆ ಮರ್ಕ್ಯುರಿ-ಮರ್ಕ್ಯುರಿಕ್ ಆಕ್ಸೈಡ್ ಕೊಳ್ಳಿ, ಒಳಗೆ ನೀವು ಅಳೆಯುವ ಅದೇ 1 ಮೋಲಾರ್ ಕ್ಷಾರ ತುಂಬಿ, ಬಳಸದಿರುವಾಗಲೂ ಅದರಲ್ಲಿಯೇ ಅದ್ದಿಡಿ. ಸಾಧ್ಯವಿದ್ದರೆ ಎರಡು ಕೊಂಡು ಒಂದನ್ನು ಅಳತೆಗೆ ಬಳಸದೆ ಹೋಲಿಕೆಗೆಂದೇ ಇಡಿ. ಪ್ರತಿದಿನ ಎರಡನ್ನೂ ಒಂದೇ ಡಬ್ಬಿಯಲ್ಲಿ ಅದ್ದಿ ಮಲ್ಟಿಮೀಟರ್ ಹಚ್ಚಿದಾಗ 5 ಮಿಲಿವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಒಳಗಿನ ದ್ರಾವಣ ಬದಲಿಸುವ ಹೊತ್ತು ಬಂದಿದೆ.

ಆರ್‌ಎಚ್‌ಇ (ಅದೇ ದ್ರಾವಣದ ಹೈಡ್ರೋಜನ್ ಎಲೆಕ್ಟ್ರೋಡನ್ನು ಸೊನ್ನೆ ಎಂದು ಹಿಡಿಯುವ) ಮಾಪಕಕ್ಕೆ ತರಲು ಎಲ್ಲರೂ 0.098 ವೋಲ್ಟ್ ಎಂಬ ಒಂದು ಸಂಖ್ಯೆಯನ್ನು ನಕಲು ಮಾಡುತ್ತಾರೆ. ಪಿಎಚ್ 14 ಎಂದು ಹಿಡಿದು ಅದರ ಪಾಲನ್ನೂ ಕೂಡಿಸಿದರೆ ಒಟ್ಟು ಸೇರಿಸಬೇಕಾದದ್ದು 0.92 ವೋಲ್ಟಿನಷ್ಟಾಗುತ್ತದೆ. ಆದರೆ ಆ 0.098 ಕ್ಷಾರದ ಸಾಂದ್ರತೆಯ ಮೇಲೆ ಬದಲಾಗುತ್ತದೆ, 20 ಮಿಲಿವೋಲ್ಟ್ ತಪ್ಪು ಸುಲಭವಾಗಿ ನುಸುಳುತ್ತದೆ. ಎರಡು ಆಕ್ಸೈಡುಗಳ ನಡುವೆ 20 ಮಿಲಿವೋಲ್ಟ್ ವ್ಯತ್ಯಾಸವನ್ನೇ ಸಾಧನೆ ಎಂದು ಬರೆಯುವ ಕ್ಷೇತ್ರ ಇದು. ಹೈಡ್ರೋಜನ್ ಸಿಲಿಂಡರ್ ಇರುವ ವಿಭಾಗಕ್ಕೆ ಒಂದು ದಿನ ಹೋಗಿ, ನಿಮ್ಮದೇ ಕ್ಷಾರದಲ್ಲಿ ಅರ್ಧ ತಾಸು ಹೈಡ್ರೋಜನ್ ಗುಳ್ಳೆ ಬಿಟ್ಟು, ಪ್ಲಾಟಿನಂ ತಂತಿಯ ವೋಲ್ಟೇಜನ್ನು ಸೆಕೆಂಡಿಗೆ 1 ಮಿಲಿವೋಲ್ಟಿನಂತೆ ಹಿಂದೆ ಮುಂದೆ ಓಡಿಸಿ. ಕರೆಂಟು ಸೊನ್ನೆ ದಾಟುವ ಜಾಗವೇ ನಿಮ್ಮ ನಿಜವಾದ ಸಂಖ್ಯೆ. ಸೆಟ್ಟಿನ ಪ್ಲಾಟಿನಂ ತಂತಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಇಲ್ಲ. ಹೈಡ್ರೋಜನ್ ಕಡೆಯ ವೇಗವರ್ಧಕ ಅಳೆಯುವಾಗ ಅದನ್ನು ಎದುರು ಎಲೆಕ್ಟ್ರೋಡ್ (ಕರೆಂಟಿನ ಇನ್ನೊಂದು ತುದಿ) ಆಗಿ ಹಾಕಲೇಬೇಡಿ. ಪ್ಲಾಟಿನಂ ಕರಗಿ ಬಂದು ನಿಮ್ಮ ಆಕ್ಸೈಡಿನ ಮೇಲೆ ಕೂತರೆ ನೀವು ಅಳೆಯುವುದು ಪ್ಲಾಟಿನಮ್ಮನ್ನೇ. ಅಲ್ಲಿ ಗ್ರಾಫೈಟ್ ಕಡ್ಡಿ ಸಾಕು.

ಕ್ಲಿಪ್ಪು ಚಿಕ್ಕ ವಸ್ತು, ಹಾನಿ ದೊಡ್ಡದು. ಫೋಮ್ ಬತ್ತಿಯ ಹಾಗೆ ದ್ರಾವಣವನ್ನು ಮೇಲಕ್ಕೆ ಹೀರುತ್ತದೆ. 1 ಚದರ ಸೆಂ.ಮೀ. ಅದ್ದಿದ್ದೇವೆ ಎಂದುಕೊಂಡರೂ ಒಂದು ತಾಸಿನಲ್ಲಿ ಕ್ಷಾರ ಕ್ಲಿಪ್ಪಿನವರೆಗೆ ಏರಿ, ಅದರ ಸ್ಟೀಲು ಅಥವಾ ತಾಮ್ರ ಕರಗಿ ಕೆಳಗಿಳಿಯುತ್ತದೆ. ಫೋಮಿನ 1 ಸೆಂ.ಮೀ. ಕೆಳಭಾಗ ಬಿಟ್ಟು ಅದರ ಮೇಲಿನ ಅರ್ಧ ಸೆಂ.ಮೀ. ಪಟ್ಟಿಯನ್ನು ಅರಾಲ್ಡೈಟಿನಿಂದ ರಂಧ್ರಗಳೆಲ್ಲ ತುಂಬುವಂತೆ ಎರಡೂ ಕಡೆಯಿಂದ ಒತ್ತಿ ಮುಚ್ಚಿ, ಒಂದು ರಾತ್ರಿ ಗಟ್ಟಿಯಾಗಲು ಬಿಡಿ. ಬೇಗ ಒಣಗುವ ಐದು ನಿಮಿಷದ ಜಾತಿಗಿಂತ ನಿಧಾನದ್ದು ಆಳಕ್ಕೆ ಇಳಿಯುತ್ತದೆ. ಇದರಿಂದ ವಿಸ್ತೀರ್ಣವೂ ಖಚಿತ, ಕ್ಲಿಪ್ಪೂ ಒಣ.

ಅಳೆಯುವಾಗ ನಿಕಲ್ ತನ್ನದೇ ಒಂದು ಗೊಂದಲ ತರುತ್ತದೆ. ಆರ್‌ಎಚ್‌ಇಗೆ ಎದುರಾಗಿ 1.35ರಿಂದ 1.45 ವೋಲ್ಟಿನ ನಡುವೆ ನಿಕಲ್ ಹೈಡ್ರಾಕ್ಸೈಡ್ ಆಕ್ಸಿಹೈಡ್ರಾಕ್ಸೈಡ್ ಆಗುವ ಕರೆಂಟು ಗ್ರಾಫಿನಲ್ಲಿ ದೊಡ್ಡ ಗುಡ್ಡವಾಗಿ ಬರುತ್ತದೆ. ಫೋಮಿನ ಮೇಲೆ ಆ ಗುಡ್ಡವೇ 10 ಮಿಲಿಆಂಪಿಯರ್ ದಾಟುವುದುಂಟು. ಅಲ್ಲಿ ಗೆರೆ ಎಳೆದು '10 ಮಿಲಿಆಂಪಿಯರಿಗೆ 150 ಮಿಲಿವೋಲ್ಟ್' ಹೆಚ್ಚುವರಿ ವೋಲ್ಟೇಜ್ (1.23 ವೋಲ್ಟಿನ ಮೇಲೆ ಬೇಕಾದದ್ದು) ಎಂದು ಬರೆದರೆ ಅದು ಆಕ್ಸಿಜನ್ನಿನ ಕರೆಂಟಲ್ಲ, ಲೋಹ ಆಕ್ಸಿಡೀಕರಣಗೊಂಡ ಕರೆಂಟು. ಒಳ್ಳೆಯ ನಿಕಲ್-ಕಬ್ಬಿಣ ಲೇಪನಗಳು ಪ್ರಾಮಾಣಿಕವಾಗಿ ಅಳೆದಾಗ 10 ಮಿಲಿಆಂಪಿಯರಿಗೆ ಸಾಮಾನ್ಯವಾಗಿ 220-270 ಮಿಲಿವೋಲ್ಟಿನಲ್ಲಿ ನಿಲ್ಲುತ್ತವೆ. ವೋಲ್ಟೇಜ್ ಇಳಿಯುತ್ತ ಹಿಂದಿರುಗುವ ಸ್ಕ್ಯಾನಿನಲ್ಲಿ ಓದಿ, ಅಥವಾ ಇನ್ನೂ ಒಳ್ಳೆಯದು, ಸ್ಥಿರ ಕರೆಂಟಿನ ಮೆಟ್ಟಿಲುಗಳನ್ನು ಹಾಕಿ: 10, 20, 50, 100 ಮಿಲಿಆಂಪಿಯರ್, ಒಂದೊಂದಕ್ಕೂ ಐದು ನಿಮಿಷ.

ಮೆಟ್ಟಿಲಿನ ಕ್ರಮಕ್ಕೆ ಲಕ್ಷಗಟ್ಟಲೆ ಬೆಲೆಯ ಪೊಟೆನ್ಷಿಯೋಸ್ಟ್ಯಾಟ್ (ವೋಲ್ಟೇಜ್ ಹಿಡಿದಿಟ್ಟು ಕರೆಂಟು ಅಳೆಯುವ ಯಂತ್ರ) ಬೇಕಿಲ್ಲ ಎಂಬುದು ನಮ್ಮ ಕಡೆಯ ಕಾಲೇಜುಗಳಿಗೆ ದೊಡ್ಡ ಅನುಕೂಲ. ಸ್ಥಿರ ಕರೆಂಟು ಕೊಡುವ ಮಾಮೂಲಿ ಡಿಸಿ ಪವರ್ ಸಪ್ಲೈಯನ್ನು ಫೋಮ್ ಮತ್ತು ಎದುರು ಎಲೆಕ್ಟ್ರೋಡಿನ ನಡುವೆ ಜೋಡಿಸಿ. 10 ಮೆಗಾಓಮ್ ಒಳರೋಧದ ಡಿಜಿಟಲ್ ಮಲ್ಟಿಮೀಟರನ್ನು ಫೋಮ್ ಮತ್ತು ರೆಫರೆನ್ಸಿನ ನಡುವೆ. 100 ಮಿಲಿಆಂಪಿಯರಿನಲ್ಲಿ ಮೀಟರು 0.680 ತೋರಿಸಿತು, ದ್ರಾವಣದ ರೋಧ 1 ಓಮ್ ಎಂದಿಟ್ಟುಕೊಳ್ಳಿ. ರೋಧದ ಪಾಲು 0.100 ಕಳೆದರೆ 0.580, ರೆಫರೆನ್ಸಿನ 0.92 ಕೂಡಿಸಿದರೆ 1.50, ಅದರಲ್ಲಿ 1.23 ಕಳೆದರೆ ಹೆಚ್ಚುವರಿ ವೋಲ್ಟೇಜ್ 270 ಮಿಲಿವೋಲ್ಟ್. ಒಂದೇ ಒಂದು ಓಮ್ ಎಷ್ಟು ದೊಡ್ಡದು ನೋಡಿ: ಕಳೆಯದಿದ್ದರೆ 370. ಆದ್ದರಿಂದ ರೋಧ ಎಷ್ಟಿತ್ತು, ಎಷ್ಟು ಕಳೆದಿರಿ ಎಂಬುದನ್ನು ವರದಿಯಲ್ಲಿ ಬರೆಯದಿದ್ದರೆ ಓದುವವನಿಗೆ ಏನೂ ತಿಳಿಯುವುದಿಲ್ಲ. ರೋಧವನ್ನು ಒಮ್ಮೆ ಇಂಪೀಡೆನ್ಸ್ ಯಂತ್ರ ಇರುವಲ್ಲಿ ಅಳೆಸಿಕೊಳ್ಳಿ. ಆಮೇಲೆ ಎಲೆಕ್ಟ್ರೋಡುಗಳ ಅಂತರ ಬದಲಿಸಬೇಡಿ.

ಕರೆಂಟೆಲ್ಲ ಅನಿಲವಾಯಿತೇ ಎಂದು ನೋಡಲು ತಲೆಕೆಳಗಾದ ಬ್ಯುರೆಟ್ ಸಾಕು. 100 ಮಿಲಿಆಂಪಿಯರ್ ಅರ್ಧ ತಾಸು ಓಡಿಸಿದರೆ ಪುಸ್ತಕದ ಲೆಕ್ಕದಲ್ಲಿ, 25 ಡಿಗ್ರಿ ಮತ್ತು ಒಂದು ವಾತಾವರಣ ಒತ್ತಡದಲ್ಲಿ, 22.8 ಮಿ.ಲೀ. ಹೈಡ್ರೋಜನ್ ಬರಬೇಕು. ಧಾರವಾಡದಲ್ಲಿ ಅದು 25.7ರ ಹತ್ತಿರ ಬರುತ್ತದೆ, ದಕ್ಷತೆ ಶೇ. 113 ಎಂದು ಲೆಕ್ಕ ಬಂದು ಗಾಬರಿಯಾಗುತ್ತದೆ. ಕಾರಣ ಎರಡು. ಊರು ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದ್ದು ಗಾಳಿಯ ಒತ್ತಡ 93 ಕಿಲೋಪ್ಯಾಸ್ಕಲ್ ಆಸುಪಾಸು. ಜೊತೆಗೆ ಬ್ಯುರೆಟ್ಟಿನಲ್ಲಿ 3.2 ಕಿಲೋಪ್ಯಾಸ್ಕಲಿನಷ್ಟು ನೀರಾವಿ ಇರುತ್ತದೆ. ಎರಡನ್ನೂ ಸರಿಪಡಿಸಿದರೆ ಲೆಕ್ಕ ಕೂಡುತ್ತದೆ. ಕಿಟಕಿ ತೆರೆದಿರಲಿ, ಹೈಡ್ರೋಜನ್ ಗಾಳಿಯಲ್ಲಿ ಶೇ. 4 ದಾಟಿದರೆ ಕಿಡಿಗೆ ಹತ್ತಿಕೊಳ್ಳುತ್ತದೆ.

ಬಾಳಿಕೆಯ ಪರೀಕ್ಷೆಗೆ 24 ತಾಸು ಒಂದೇ ಕರೆಂಟಿನಲ್ಲಿ ಹಿಡಿದು ನೇರ ಗೆರೆ ತೋರಿಸುವುದು ರೂಢಿ. ಗದಗದ ಕಪ್ಪತಗುಡ್ಡದ ಸುತ್ತಿನ ಗಾಳಿಯಂತ್ರಗಳಂಥ ಮೂಲದಿಂದ ಹೈಡ್ರೋಜನ್ ಮಾಡುವ ದಿನ ಬಂದರೆ ಸೆಲ್ಲು ದಿನಕ್ಕೆ ಹಲವು ಸಲ ನಿಂತು ಓಡುತ್ತದೆ. ನಿಂತಾಗ ಹಿಮ್ಮುಖ ಕರೆಂಟು ಹರಿದು ಎಲೆಕ್ಟ್ರೋಡುಗಳನ್ನು ಸವೆಸುತ್ತದೆ. ಹಾಗಾಗಿ ಒಂದು ತಾಸು ಓಡಿಸಿ ಅರ್ಧ ತಾಸು ನಿಲ್ಲಿಸುವ ಚಕ್ರವನ್ನೂ ಸೇರಿಸಿ. ಕ್ಷಾರದಲ್ಲಿ ಕರಗಿ ಬಂದ ಕಬ್ಬಿಣವನ್ನು ಮೊದಲು ಮತ್ತು ಕೊನೆಯಲ್ಲಿ ಅಳೆಸಿದರೆ ಇನ್ನೂ ಚಲೋ. ಇನ್ವರ್ಟರ್ ಇಲ್ಲದ ಕೋಣೆಯಲ್ಲಿ ಈ ಪರೀಕ್ಷೆ ಶುರು ಮಾಡಬೇಡಿ. ನಡುರಾತ್ರಿ ಕರೆಂಟು ಹೋಗಿ ಬಂದರೆ ಪವರ್ ಸಪ್ಲೈ ಯಾವ ಸ್ಥಿತಿಯಲ್ಲಿ ಎಚ್ಚರಗೊಳ್ಳುತ್ತದೆ ಎಂಬುದು ಮಾದರಿಗೊಂದು ರೀತಿ.

ಎರಡೂ ಅನಿಲ ಬೇರೆ ಬೇರೆ ಹಿಡಿಯುವ ಪೂರ್ತಿ ಸೆಲ್ಲು ಕಟ್ಟುವವರಿಗೆ ಅನಿಲಗಳು ಬೆರೆಯದಂತೆ ನಡುವೆ ಹಾಕುವ ಝಿರ್ಫಾನ್ ಹಾಳೆ ಸಿಗುತ್ತದೆ, ಪಾಲಿಸಲ್ಫೋನಿನಲ್ಲಿ ಝಿರ್ಕೋನಿಯಾ ಬೆರೆತ ಅರ್ಧ ಮಿ.ಮೀ. ದಪ್ಪದ್ದು. ಪ್ರಾಜೆಕ್ಟ್ ಮಟ್ಟಕ್ಕೆ ಅದು ಮೊದಲ ಖರೀದಿಯಲ್ಲ. ಆ ರೊಕ್ಕವನ್ನು ಎರಡನೆಯ ರೆಫರೆನ್ಸಿಗೆ ಹಾಕಿ.

ಉಳಿದ ಫೋಮನ್ನು ತೊಳೆಯದೆ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಚೀಲದಲ್ಲಿ ಮಡಚದೆ ಇಡಿ. ಉಳಿದ ನಿಕಲ್ ದ್ರಾವಣವನ್ನು ಸಿಂಕಿಗೆ ಚೆಲ್ಲಬಾರದು. ನಿಕಲ್ ಲವಣಗಳು ಕ್ಯಾನ್ಸರ್‌ಕಾರಕ, ಚರ್ಮಕ್ಕೂ ಆಗುವುದಿಲ್ಲ. ಕೈಗವಸು ಹಾಕಿಕೊಂಡು, ಬಳಸಿ ಬಿಟ್ಟ ಕ್ಷಾರವನ್ನೇ ಅದಕ್ಕೆ ಸುರಿದರೆ ನಿಕಲ್ಲೂ ಕಬ್ಬಿಣವೂ ಗಸಿಯಾಗಿ ತಳಕ್ಕೆ ಕೂರುತ್ತವೆ. ಆ ಗಸಿಯನ್ನು ಸೋಸಿ ಒಣಗಿಸಿ, ಚೀಟಿ ಅಂಟಿಸಿದ ಡಬ್ಬಿಯಲ್ಲಿ ವಿಭಾಗದ ಅಪಾಯಕಾರಿ ತ್ಯಾಜ್ಯಕ್ಕೆ ಕೊಡಿ. ಮೇಲಿನ ತಿಳಿನೀರನ್ನು ದುರ್ಬಲ ಆಮ್ಲದಿಂದ ಪಿಎಚ್ 8-9ರವರೆಗೆ ಮಾತ್ರ ಇಳಿಸಿ, ಏಕೆಂದರೆ ಅದಕ್ಕಿಂತ ಕೆಳಗೆ ಹೋದರೆ ತಳದಲ್ಲಿ ಉಳಿದ ನಿಕಲ್ ಮತ್ತೆ ಕರಗುತ್ತದೆ.